ಅಪ್ಪನ ನಾಲಿಗೆಯಾಗಿದ್ದವಳು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಕಡ್ಡಿ. ಬೇಕರಿಯವನ ಮಗಳು ಕಡ್ಡಿ. ಇಪ್ಪತ್ತಾರು ವರ್ಷದ ಹೆಣ್ಣು, ಹುಟ್ಟಿದಾಗಿನಿಂದ ಬ್ರೆಡ್ಡು ಬನ್ನುಗಳ ನಡುವೆಯೇ ಬೆಳೆದವಳು, ಆದರೂ ಮೈಮೇಲೆ ಹಿಡಿಯಷ್ಟು ಮಾಂಸವಿಲ್ಲ ಅಂದರೆ ಜನ ಸುಮ್ಮನಿರುತ್ತಾರೆಯೇ? “ಏನಮ್ಮಾ ಕಡ್ಡಿ, ನಿಮ್ಮಪ್ಪ ಎಲ್ಲಾ ನಮಗೇ ಮಾರ್ಬಿಡ್ತಾನಾ? ನಿನಗೊಂದು ತುಂಡೂ ಉಳಿಸಲ್ವಾ?” ಎಂದು ದಿನಕ್ಕೆ ಒಬ್ಬರಾದರೂ ಕೇಳುವರು. ಕೇಳಿದವರಿಗೆ ತಾವೇ ಮೊದಲು ಈ ಮಾತು ಹೇಳಿದೆವೆಂಬ ಖುಷಿ. ಅವಳೂ ಪಾಪ, ಮೊದಲ ಸಲ ಕೇಳಿದವಳ ಹಾಗೆ ನಗುತ್ತಿದ್ದಳು. ನಗುವಾಗಲೂ ಒಂದು ಕೈ ಹೊಟ್ಟೆಯ ಮೇಲೇ ಇರುತ್ತಿತ್ತು.

ಇದು ಆ ಹೊಟ್ಟೆಯ ಕಥೆ. ಮೂಗು ಮುರಿಯಬೇಡಿ. ಎದೆಯ ಕಥೆಯಾದರೆ ಬಾಯಿ ಬಿಟ್ಟುಕೊಂಡು ಕೇಳುತ್ತೀರಿ, ಹೊಟ್ಟೆಯದೆಂದರೆ ಮುಖ ಸಿಂಡರಿಸುತ್ತೀರಿ. ಎದೆ ಒಡೆದವರು ನಾಲ್ಕು ದಿನ ಅತ್ತು ಎದ್ದು ಕೆಲಸಕ್ಕೆ ಹೋಗುತ್ತಾರೆ. ಹೊಟ್ಟೆ ಕೆಟ್ಟವರನ್ನು ಕೇಳಿ ನೋಡಿ, ಅವರು ಎಲ್ಲಿಗೂ ಹೋಗಲಾರರು.

ಅವಳ ಹೊಟ್ಟೆ ಕೆಟ್ಟು ಎಂಟು ವರ್ಷವಾಗಿತ್ತು. ತಿಂದು ಅರ್ಧ ಗಂಟೆಯಾಗುವಷ್ಟರಲ್ಲಿ ಉಬ್ಬಿ ಡೊಳ್ಳಾಗುವುದು, ಒಳಗೆ ಗುಡುಗುಡು ಸದ್ದು, ಆಮೇಲೆ ಕಕ್ಕಸಿಗೆ ಓಟ. ಮೂರು ದಿನ ಹೀಗೆ. ಮತ್ತೆ ನಾಲ್ಕು ದಿನ ಏನು ಮಾಡಿದರೂ ಇಲ್ಲ. ಬಾಯಲ್ಲಿ ಹುಣ್ಣು. ಬಾಚಣಿಗೆ ತುಂಬ ಕೂದಲು. ಮಹಡಿಯ ಎರಡು ಕೋಣೆಯ ಮನೆಯಿಂದ ಕೆಳಗಿನ ಬೇಕರಿಗೆ ಇಳಿಯಲು ಹದಿನಾರು ಮೆಟ್ಟಿಲು. ಇಳಿದು ಬಂದರೆ ಸಾಕು, ಇಡೀ ದಿನದ ಕೆಲಸ ಮುಗಿಸಿದವರಷ್ಟು ಸುಸ್ತು. ಮೆಟ್ಟಿಲ ಕೆಳಗೇ ಕಕ್ಕಸು. ಹಿಟ್ಟಿನ ಕೋಣೆಯಿಂದ ಅಲ್ಲಿಗೆ ಹನ್ನೊಂದು ಹೆಜ್ಜೆ, ಗಲ್ಲಾಪೆಟ್ಟಿಗೆಯಿಂದ ಹತ್ತೊಂಬತ್ತು. ಅವಳಿಗೆ ಈ ಜಗತ್ತಿನ ದೂರಗಳೆಲ್ಲ ಈ ಲೆಕ್ಕದಲ್ಲೇ ಗೊತ್ತು.

ಜೊತೆಯಲ್ಲಿ ಓದಿದವರು ಒಮ್ಮೆ ಎರಡು ದಿನ ಸಮುದ್ರ ನೋಡಲು ಹೊರಟರು. ಅವಳೂ ಬಟ್ಟೆ ಜೋಡಿಸಿದಳು, ಚೀಲದ ಬಾಯಿ ಕಟ್ಟಿದಳು, ಆಮೇಲೆ ಬಸ್ಸಿನಲ್ಲಿ ಆರು ಗಂಟೆ ಕೂರಬೇಕೆಂಬುದು ನೆನಪಾಗಿ ಚೀಲವನ್ನು ಬಿಚ್ಚಿದಳು. ಅವರು ಬಂದ ಮೇಲೆ ಫೋಟೋ ತೋರಿಸಿದರು. ಅವಳು ಒಂದೊಂದನ್ನೂ ಹಿಗ್ಗಿಸಿ ನೋಡಿದಳು, ಹುಡುಗಿಯರನ್ನಲ್ಲ, ಹಿಂದಿನ ನೀರನ್ನು. ಸಮುದ್ರ ನೋಡಬೇಕೆಂಬ ಆಸೆ ಅಂದಿನಿಂದ ಹಾಗೇ ಉಳಿದಿತ್ತು.

ಇನ್ನು ಕಾರಣ ಹೇಳುವವರಿಗೇನು ಬರವೇ? ಎದುರು ಮನೆಯಲ್ಲಿ ದೊಡ್ಡಮ್ಮ ಇದ್ದಳು, ಅಮ್ಮನ ಅಕ್ಕ. ಬಟ್ಟೆ ಹೊಲಿಯುವ ಕೆಲಸ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವಳು. ಅವಳ ಪ್ರಕಾರ ಊಟವಾದ ಕೂಡಲೇ ನೀರು ಕುಡಿಯುವುದರಿಂದ ಹೀಗಾಗಿತ್ತು. ಮುಂದಿನ ವಾರ ನೀರನ್ನೇ ಕುಡಿಯದಿರುವುದರಿಂದ ಆಗಿತ್ತು. ಅದರ ಮುಂದಿನ ವಾರ, “ಕಿಟಕಿ ತೆಗ್ದು ಮಲಗ್ತಾಳೆ, ಹೊಟ್ಟೆಗೆ ಗಾಳಿ ಸೇರ್ಕೊಂಡಿದೆ” ಎಂದಳು. ಬೀದಿ ಮೂಲೆಯ ಮುದಿ ಡಾಕ್ಟರು ಜಂತುಹುಳು ಎಂದು ಮಾತ್ರೆ ಕೊಟ್ಟರು. ಹುಳು ಬೀಳಲಿಲ್ಲ. ಖಾಲಿ ಹೊಟ್ಟೆಯಲ್ಲಿ ಟೀ ಕುಡಿಯಬೇಡ ಎಂದರು, ಬಿಟ್ಟಳು. ಹಾಲು ಬಿಡು ಎಂದರು; ಬಿಟ್ಟಾಗ ಒಂದು ಸ್ವಲ್ಪ ಹಗುರಾಯಿತು, ಮನೆಮಂದಿಯೆಲ್ಲ ಹಾಲನ್ನು ವೈರಿಯ ಹಾಗೆ ನೋಡಿದರು, ತಿಂಗಳಾದ ಮೇಲೆ ಮತ್ತೆ ಅದೇ ರಾಗ. ಕೊನೆಗೆ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಾ, “ಇದು ಮನಸ್ಸಿಂದು. ಮದುವೆ ಮಾಡಿ” ಎಂದು ಕೈ ತೊಳೆದುಕೊಂಡರು.

ಅಮ್ಮನ ಔಷಧ ಒಂದೇ. ಗಲ್ಲಾದಲ್ಲಿ ಕೂತವಳು ಮಗಳ ಮುಖ ಬಿಳಿಚಿಕೊಂಡದ್ದು ಕಂಡ ಕೂಡಲೇ ಡಬ್ಬದಿಂದ ಎರಡು ರಸ್ಕು ತೆಗೆದು, ಬಿಸಿನೀರಿನಲ್ಲಿ ಅದ್ದಿ, “ಇದನ್ನಾದ್ರೂ ತಿನ್ನೇ, ಕೆಟ್ಟ ಹೊಟ್ಟೆಗೆ ಇದೊಂದೇ ಆಗೋದು” ಎಂದು ಬಾಯಿಗಿಡುವಳು. ಎಂಟು ವರ್ಷದಲ್ಲಿ ಎಷ್ಟು ರಸ್ಕೋ ದೇವರೇ ಬಲ್ಲ.

ಈಗ ಅಪ್ಪನ ವಿಷಯ. ಇದು ಬೀದಿಯವರಿಗೆ ಗೊತ್ತಿರಲಿಲ್ಲ, ದೊಡ್ಡಮ್ಮನಿಗಂತೂ ಬೇಕೆಂದೇ ಹೇಳಿರಲಿಲ್ಲ. ಎಂಟು ವರ್ಷದ ಹಿಂದೆ ಅವನಿಗೊಂದು ಕೆಟ್ಟ ಜ್ವರ ಬಂದು ಹದಿನೈದು ದಿನ ಹಾಸಿಗೆ ಹಿಡಿಸಿತು. ಎದ್ದವನು ನೇರ ಹಿಟ್ಟಿನ ಕೋಣೆಗೆ ಹೋದ, ನಾದಿದ, ಬೇಯಿಸಿದ, ಮಾರಾಟಕ್ಕಿಟ್ಟ. ಮಧ್ಯಾಹ್ನದೊಳಗೆ ಅರ್ಧ ಬ್ರೆಡ್ಡು ವಾಪಸ್ ಬಂತು. ಬಾಯಿಗಿಟ್ಟರೆ ಬರೀ ಉಪ್ಪು. ಅವನು ಒಂದು ತುಂಡು ತಿಂದ, ಇನ್ನೊಂದು ತಿಂದ, ಮತ್ತೊಂದು ತಿಂದ. “ನನಗೇನೂ ಗೊತ್ತಾಗ್ತಾ ಇಲ್ಲ ಕಣೇ” ಎಂದು ಹೆಂಡತಿಗೆ ಹೇಳಿ, ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟ. ಜ್ವರ ಹೋಗುವಾಗ ಮೂಗು ನಾಲಿಗೆ ಎರಡನ್ನೂ ಹೊತ್ತುಕೊಂಡು ಹೋಗಿತ್ತು. ಬಂದೀತು, ಬಂದೀತು ಎಂದು ಕಾದರು. ಬರಲಿಲ್ಲ.

ಯಾವುದೋ ಕೆಲಸದವನಿಗೆ ಆಗಿದ್ದರೆ ಹೇಗೋ ಆಗುತ್ತಿತ್ತು. ಈ ಮನೆಯ ಬ್ರೆಡ್ಡು ಪ್ಯಾಕೆಟ್ಟಿನ ಪುಡಿ ಹಾಕಿ ಉಬ್ಬಿಸುವ ಬ್ರೆಡ್ಡಲ್ಲ. ನಿನ್ನೆಯ ಹುಳಿಹಿಟ್ಟನ್ನು ಇಂದಿನದಕ್ಕೆ ಬೆರೆಸಿ, ಇಂದಿನದರಲ್ಲಿ ಒಂದು ಮುದ್ದೆ ನಾಳೆಗೆಂದು ಜಾಡಿಯಲ್ಲಿ ಎತ್ತಿಟ್ಟು, ಅಜ್ಜನ ಕಾಲದಿಂದ ನಡೆದು ಬಂದದ್ದು. ಹುಳಿ ಎಷ್ಟು ಏರಿದೆ ಎಂಬುದಕ್ಕೆ ಗಡಿಯಾರವಿಲ್ಲ, ನಾಲಿಗೆಯೇ ಗಡಿಯಾರ. ಒಂದು ಚಿಟಿಕೆ ಹಸಿ ಹಿಟ್ಟು ಕಿತ್ತು ನಾಲಿಗೆಯ ಮೇಲಿಟ್ಟು, ಮೂರು ಎಣಿಸಿ, ಪಕ್ಕದ ಬಕೆಟ್ಟಿಗೆ ಉಗುಳಬೇಕು. ನುಂಗಬಾರದು. ಹಸಿ ಹಿಟ್ಟು ನುಂಗಿದವನು ಬೇಕರಿಯವನೇ ಅಲ್ಲ ಎಂದು ಅಜ್ಜ ಬೈಯುತ್ತಿದ್ದನಂತೆ. ಹುಳಿಹಿಟ್ಟು ಎದ್ದಾಗ ಒಂದು ಸಲ, ಉಪ್ಪು ಹಾಕಿದ ಮೇಲೆ ಒಂದು ಸಲ, ಅಚ್ಚಿಗೆ ಹಾಕುವ ಮೊದಲು ಒಂದು ಸಲ. ಒಂದು ಸಲ ನಾದಿ ಬೇಯಿಸುವಷ್ಟು ಹಿಟ್ಟಿಗೆ ಒಂದು ಪಾಕವೆಂದು ಲೆಕ್ಕ; ದಿನಕ್ಕೆ ಆರೇಳು ಪಾಕ.

ಹದಿನೆಂಟು ವರ್ಷದ ಮಗಳು ಮರುದಿನದಿಂದ ಅಪ್ಪನ ಪಕ್ಕ ನಿಂತಳು. ಅವನು ನಾದುವನು, ಇವಳು ಚಿಟಿಕೆ ಕಿತ್ತು ನಾಲಿಗೆಗಿಟ್ಟು, “ಇನ್ನೂ ಎಳಸು, ಅರ್ಧ ಗಂಟೆ ಬಿಡಪ್ಪಾ” ಎನ್ನುವಳು. “ಉಪ್ಪು ಒಂಚೂರು ಸಾಲದು” ಎನ್ನುವಳು. ತಪ್ಪಿದ್ದೇ ಇಲ್ಲ. ಎಂಟು ವರ್ಷ ಗಿರಾಕಿಗಳು ಬ್ರೆಡ್ಡನ್ನು ಹೊಗಳಿದಾಗ ಅಪ್ಪ ತಲೆಯಾಡಿಸುತ್ತಿದ್ದ, ಮಗಳು ತಲೆ ತಗ್ಗಿಸಿ ಕಾಗದದಲ್ಲಿ ಸುತ್ತುತ್ತಿದ್ದಳು. ಹೊಟ್ಟೆ ಎಷ್ಟೇ ಕೈ ಕೊಟ್ಟರೂ ಬೆಳಿಗ್ಗೆ ಐದಕ್ಕೆ ಆ ಕೋಣೆಯಲ್ಲಿ ಅವಳಿರುತ್ತಿದ್ದಳು. ಹಾಸಿಗೆ ಬಿಟ್ಟೇಳಲು ಅವಳಿಗಿದ್ದ ಕಾರಣ ಅದೊಂದೇ ಎಂದರೂ ತಪ್ಪಿಲ್ಲ.

ಒಂದು ದಿನ ಬಿಸಿ ಅಚ್ಚು ಹಿಡಿದವಳು ಹಾಗೇ ಕುಸಿದು ಬಿದ್ದಳು. ಅಮ್ಮ ಬೊಬ್ಬೆ ಹೊಡೆದು ಬೀದಿಯನ್ನೇ ಸೇರಿಸಿದಳು. ದೊಡ್ಡಾಸ್ಪತ್ರೆಗೆ ಕರೆದೊಯ್ದರು.

ಅಲ್ಲಿ ಸಿಕ್ಕವಳು ಒಬ್ಬ ಡಾಕ್ಟರಮ್ಮ. ಕಡ್ಡಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಗಡಿಬಿಡಿಯಿಲ್ಲದ ಹೆಂಗಸು. ಕಡ್ಡಿಯ ಕಿವಿ ಕೆಂಪಾಗುವಂಥ ಪ್ರಶ್ನೆಗಳನ್ನೆಲ್ಲ ಕೇಳಿದಳು: ಎಷ್ಟು ಸಲ, ಯಾವ ಬಣ್ಣ, ನೀರಲ್ಲಿ ತೇಲುತ್ತದೆಯೋ ಮುಳುಗುತ್ತದೆಯೋ. ಎಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರೂ ಹೇಳಿದ್ದರು, ಕೇಳಿದವರಿಲ್ಲ. ಕಡ್ಡಿಗೆ ನಾಚಿಕೆಯ ಜೊತೆಗೆ ಅಳು ಬಂತು.

“ಇಷ್ಟು ದಿನದ ತೊಂದರೆಗೆ ಇದೇ ಕಾರಣ ಅಂತ ನೋಡಿದ ತಕ್ಷಣ ಹೇಳಕ್ಕಾಗಲ್ಲ,” ಎಂದಳು ಡಾಕ್ಟರಮ್ಮ. “ಹಾಲು ಒಗ್ಗದೆ ಇರಬಹುದು. ಹಳೇ ಸೋಂಕು ಕರುಳಲ್ಲಿ ಉಳ್ಕೊಂಡಿರಬಹುದು. ಥೈರಾಯ್ಡ್ ಇರಬಹುದು, ಕರುಳು ಒಳಗೇ ಊದ್ಕೊಂಡು ಹುಣ್ಣಾಗಿರಬಹುದು. ನೋವಿಗೆ ಅಂತ ನುಂಗೋ ಮಾತ್ರೆಗಳೂ ಹೊಟ್ಟೆ ಕೆಡಿಸ್ತವೆ. ಕೆಲವರಿಗೆ ಪರೀಕ್ಷೆಲಿ ಏನೂ ಸಿಗಲ್ಲ, ಕರುಳೇ ಸೂಕ್ಷ್ಮ, ಗಾಬರಿಯಾದ್ರೆ ಜಾಸ್ತಿಯಾಗುತ್ತೆ. ಆದ್ರೆ ನಿಮ್ಮ ರಕ್ತ ಇಷ್ಟು ಕಡಿಮೆ ಇದೆ, ತೂಕ ಇಳೀತಾ ಇದೆ. ಇದನ್ನ ಗಾಬರಿ ಅಂದ್ಬಿಟ್ಟು ಮನೆಗೆ ಕಳಿಸೋ ಹಾಗಿಲ್ಲ.” ಸ್ವಲ್ಪ ತಡೆದು ಹೇಳಿದಳು: “ಇನ್ನೊಂದಿದೆ. ಗೋಧಿ.”

ಅಮ್ಮ ನಕ್ಕುಬಿಟ್ಟಳು. “ಗೋಧಿನಾ? ನಾವು ಬೇಕರಿಯವರು ಡಾಕ್ಟ್ರೇ!” ಬೇಕರಿಯವರ ಹೊಟ್ಟೆಗೆ ಗೋಧಿ ಮುಟ್ಟುವುದೇ ಇಲ್ಲ ಎಂಬಂತಿತ್ತು ಅವಳ ಧಾಟಿ.

ಪರೀಕ್ಷೆ ಮುಗಿಯುವವರೆಗೆ ಬ್ರೆಡ್ಡು ಬಿಡಬಾರದು, ದಿನವೂ ತಿನ್ನುತ್ತಲೇ ಇರಬೇಕು, ಇಲ್ಲವಾದರೆ ಕಾಯಿಲೆ ಅಡಗಿಕೊಳ್ಳುತ್ತದೆ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದಳು. ಮನೆಗೆ ಬಂದು ಅಮ್ಮ ಗೊಣಗಿದಳು: “ವಿಷ ಅಂತ ಅನುಮಾನ ಅಂತೆ, ಆದ್ರೂ ತಿನ್ನಬೇಕಂತೆ. ಓದಿದ್ದು ಹೆಚ್ಚಾದ್ರೆ ಹೀಗೇ.” ರಕ್ತ ತೆಗೆದರು. ಆಮೇಲೆ ಗಂಟಲಿನಿಂದ ಕೊಳವೆ ಇಳಿಸಿ ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಎರಡೂ ಒಂದೇ ಮಾತು ಹೇಳಿದವು. ಆ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು. ಗೋಧಿಯಲ್ಲಿರುವ ಅಂಟು ಕೆಲವರ ಕರುಳಿಗೆ ಆಗಿಬರುವುದಿಲ್ಲ. ಹೀರಬೇಕಾದ ಒಳಪದರವೇ ಸವೆದು ನುಣ್ಣಗಾಗುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಹುಟ್ಟಿನಿಂದಲೇ ರಕ್ತದಲ್ಲಿರುವ ಗುಣ, ಯಾವ ವಯಸ್ಸಿಗೆ ಬೇಕಾದರೂ ತಲೆಯೆತ್ತಬಹುದು. ಔಷಧವಿಲ್ಲ. ಗೋಧಿ, ಬಾರ್ಲಿ ಬಿಡಬೇಕು, ಜನ್ಮಪೂರ್ತಿ ಬಿಡಬೇಕು.

ಅಂಟು ಎಂದ ಕೂಡಲೇ ಅಪ್ಪ ಕೈ ನೋಡಿಕೊಂಡ. ಹಿಟ್ಟನ್ನು ಎಳೆದರೆ ಹರಿಯದೆ ಹಿಗ್ಗಬೇಕು, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣಬೇಕು. ಆ ಅಂಟಿಗಾಗಿಯೇ ಅವನು ಮೂವತ್ತು ವರ್ಷ ತೋಳು ನೋಯಿಸಿಕೊಂಡಿದ್ದು.

ಅಮ್ಮ ಮನೆಗೆ ಬಂದವಳೇ ರಸ್ಕಿನ ಡಬ್ಬ ತೆಗೆದು ಕಣ್ಣಿಗೆ ಕಾಣದ ಕಡೆ ಇಟ್ಟಳು.  ಮೂರನೆಯ ದಿನ, “ನನ್ನ ಕೈಯಾರೆ ತಿನ್ನಿಸಿದ್ನಲ್ಲೇ” ಎಂದು ಮಗಳ ತಲೆ ತನ್ನ ಮಡಿಲಿಗೆ ಎಳೆದುಕೊಂಡು ಅತ್ತಳು. “ನಿನಗೇನು ಗೊತ್ತಿತ್ತಮ್ಮಾ, ಸುಮ್ನಿರು” ಎಂದು ಮಗಳೇ ಸಮಾಧಾನ ಮಾಡಬೇಕಾಯಿತು.

ಕಡ್ಡಿ ಬ್ರೆಡ್ಡು ಬಿಟ್ಟಳು. ಒಂದು ಸಣ್ಣ ಪುಸ್ತಕ ತಂದು ದಿನವೂ ತಿಂದದ್ದನ್ನು ಬರೆದಿಟ್ಟಳು: ಅನ್ನ, ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬಾಳೆಹಣ್ಣು. ಅವಳನ್ನು ಕೊರೆದದ್ದು ಬೇರೆಯೇ. ತಾನು ಕೊನೆಯದಾಗಿ ತಿಂದ ಬ್ರೆಡ್ಡಿನ ತುಂಡು ಯಾವುದು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಿಂತುಕೊಂಡೇ ತಿಂದಿರಬೇಕು, ಗಿರಾಕಿಗೆ ಚಿಲ್ಲರೆ ಕೊಡುತ್ತಾ. ಅದೇ ಕೊನೆಯದೆಂದು ಗೊತ್ತಿದ್ದರೆ ಕೂತು ತಿನ್ನುತ್ತಿದ್ದಳು.

ನಾಲ್ಕು ತಿಂಗಳಾಯಿತು. ಓಟ ಕಡಿಮೆಯಾಯಿತು, ನಿಲ್ಲಲಿಲ್ಲ. ಉಬ್ಬರ ಹಾಗೇ ಇತ್ತು. ಮತ್ತೆ ರಕ್ತ ಪರೀಕ್ಷೆ ಮಾಡಿದರೆ ಅಂಕಿ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಡಾಕ್ಟರಮ್ಮ ಪುಸ್ತಕವನ್ನು ಮೊದಲ ಪುಟದಿಂದ ಓದಿದಳು. ಪಕ್ಕದಲ್ಲಿ ಅಪ್ಪ ಕೂತಿದ್ದ. ಅಂಗಡಿ ಅಮ್ಮನಿಗೆ ಬಿಟ್ಟು ಅವನೇ ಬಂದಿದ್ದ.

“ಬೇಜಾರು ಮಾಡ್ಕೋಬೇಡಿ,” ಎಂದಳು ಡಾಕ್ಟರಮ್ಮ. “ಎಲ್ಲೋ ಗೋಧಿ ಒಳಗೆ ಹೋಗ್ತಾ ಇದೆ. ಯಾವಾಗ್ಲಾದ್ರೂ ಆಸೆ ತಡೀಲಾರದೆ ಒಂದು ತುಂಡು...”

“ಇಲ್ಲ!” ಕಡ್ಡಿ ತೆರೆದ ಪುಟದ ಮೇಲೆ ಕೈಯಿಟ್ಟಳು. “ಎದುರಿಗೇ ಬಿಸಿಬಿಸಿ ಇಳಿಸ್ತಾರೆ, ದಿನಾ ನೋಡ್ತೀನಿ, ಮುಟ್ಟಿಲ್ಲ. ಒಂದು ಚೂರೂ ನುಂಗಿಲ್ಲ. ನನ್ನ ಕಷ್ಟ ನಿಮಗೇನು ಗೊತ್ತು?”

ಡಾಕ್ಟರಮ್ಮ ಪುಸ್ತಕ ಮುಚ್ಚಿದಳು. “ನಂಬ್ತೀನಿ. ಹಾಗಾದ್ರೆ ಒಂದು ಮಾಡೋಣ. ಬೆಳಿಗ್ಗೆ ಎದ್ದು ಏನೇನು ಕೆಲಸ ಮಾಡ್ತೀರಿ? ಬಾಯಲ್ಲಿ ಹೇಳ್ಬೇಡಿ, ಇಲ್ಲೇ ಕೈಯಲ್ಲಿ ಮಾಡಿ ತೋರಿಸಿ.”

ಕಡ್ಡಿಗೆ ನಗು ಬಂತು. ಆದರೂ ಎದ್ದು ನಿಂತಳು. ಡಾಕ್ಟರಮ್ಮನ ಮೇಜನ್ನೇ ಹಿಟ್ಟಿನ ಹಲಗೆ ಮಾಡಿಕೊಂಡು ಜಾಡಿಯ ಮುಚ್ಚಳ ತೆಗೆದಳು, ಮುದ್ದೆ ಎತ್ತಿಹಾಕಿದಳು, ಅಪ್ಪ ನಾದಿದ್ದನ್ನು ಮಗುಚಿದಳು. ಕೈ ತಾನಾಗಿಯೇ ಓಡುತ್ತಿತ್ತು. ಇಲ್ಲದ ಹಿಟ್ಟಿನ ಅಂಚಿನಿಂದ ಎರಡು ಬೆರಳಲ್ಲಿ ಒಂದು ಚಿಟಿಕೆ ಕಿತ್ತಳು, ನಾಲಿಗೆಯ ಮೇಲಿಟ್ಟಳು, ಮೂರು ಎಣಿಸಿದಳು, ಎಡಕ್ಕೆ ತಿರುಗಿ ತೂ ಎಂದಳು. ಮತ್ತೆ ಹಿಟ್ಟು ಮಗುಚಲು ಹೋದಳು.

“ನಿಲ್ಲಿ,” ಎಂದಳು ಡಾಕ್ಟರಮ್ಮ. “ಅದೇನು ಈಗ ಮಾಡಿದ್ದು?”

“ಯಾವ್ದು?”

“ಬಾಯಿಗಿಟ್ಕೊಂಡ್ರಲ್ಲ.”

“ಓ, ಅದಾ? ಅದು ತಿನ್ನೋದಲ್ಲ. ಹಿಟ್ಟು ನೋಡೋದು. ಉಗುಳ್ತೀವಿ.”

“ದಿನಕ್ಕೆ ಎಷ್ಟು ಸಲ?”

ಕಡ್ಡಿ ಲೆಕ್ಕ ಹಾಕತೊಡಗಿದಳು. ಏಳು ಪಾಕ, ಪಾಕಕ್ಕೆ ಮೂರು. ಅರ್ಧಕ್ಕೆ ಅವಳ ಬಾಯಿ ನಿಂತಿತು. ಇಪ್ಪತ್ತೊಂದು ಸಲ. ನಾಲ್ಕು ತಿಂಗಳು ಒಂದು ಬಾಳೆಹಣ್ಣನ್ನೂ ಬಿಡದೆ ಬರೆದಿಟ್ಟ ಪುಸ್ತಕದಲ್ಲಿ ಇದು ಒಂದು ಸಲವೂ ಇರಲಿಲ್ಲ. ಬರೆಯಬೇಕೆಂದು ಹೊಳೆದಿರಲೂ ಇಲ್ಲ; ಉಸಿರಾಡಿದ್ದನ್ನು ಯಾರಾದರೂ ಬರೆಯುತ್ತಾರೆಯೇ? ಕಳ್ಳಿ ಎಂದು ಹೇಳಿಸಿಕೊಂಡಿದ್ದರೂ ಅವಳಿಗೆ ಇಷ್ಟು ಅವಮಾನವಾಗುತ್ತಿರಲಿಲ್ಲವೇನೋ.

“ಉಗುಳಿದ್ರೂ ಸ್ವಲ್ಪ ಒಳಗೆ ಉಳಿಯುತ್ತೆ,” ಎಂದಳು ಡಾಕ್ಟರಮ್ಮ ಮೆಲ್ಲಗೆ. “ನಿಮ್ಮ ಕಾಯಿಲೆಗೆ ಉಗುರಿನ ತುದಿಯಷ್ಟು ಸಾಕು. ಆ ಕೋಣೇಲಿ ಹಾರೋ ಹಿಟ್ಟಿನ ಧೂಳೂ ಬಾಯಿಗೆ ಹೋಗುತ್ತೆ. ಅಂಗಡಿ ಮುಂದೆ ಕೂತ್ಕೊಳ್ಳಿ, ಕೈ ತೊಳೀತಾ ಇರಿ. ಹಿಟ್ಟಿನ ಕೋಣೆ ಮಾತ್ರ ಬೇಡ.”

ಅಪ್ಪ ಈಗ ಕೇಳಿದ: “ನನ್ನ ನಾಲಿಗೆ ಹೋದ ವರ್ಷವೇ ಇವಳ ಹೊಟ್ಟೆ ಕೆಟ್ಟಿದ್ದು. ನನ್ನಿಂದಲೇ ಬಂತಾ ಡಾಕ್ಟ್ರೇ?”

“ಖಂಡಿತ ಇಲ್ಲ. ಬ್ರೆಡ್ಡಂತೂ ಇವರು ಚಿಕ್ಕಂದಿನಿಂದ ತಿಂದಿದಾರೆ. ಬರೋದಿದ್ದದ್ದು ಬಂತು. ಇನ್ಮುಂದೆ ಮಾತ್ರ ನಿಲ್ಲಿಸಬೇಕು.”

ಅವನು ತಲೆಯಾಡಿಸಿದ. ನಂಬಲಿಲ್ಲ ಎಂಬುದು ಅವನ ಬೆನ್ನಿನಲ್ಲೇ ಕಾಣುತ್ತಿತ್ತು. ದಾರಿಯುದ್ದಕ್ಕೂ ಮಗಳಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದ.

ಮರುದಿನ ಬೆಳಿಗ್ಗೆ ಐದಕ್ಕೆ ಅವಳು ಅಭ್ಯಾಸಬಲದಿಂದ ಮೆಟ್ಟಿಲಿಳಿದು ಬಂದರೆ ಹಿಟ್ಟಿನ ಕೋಣೆಗೆ ಒಳಗಿನಿಂದ ಅಗುಳಿ. ಬಾಗಿಲು ಬಡಿದಳು.

“ಹೋಗು, ಮಲಗು,” ಒಳಗಿನಿಂದ ಅಪ್ಪನ ದನಿ.

“ಅಪ್ಪಾ, ತಮಾಷೆ ಮಾಡ್ಬೇಡ. ಬಾಯಿಗೆ ಬಟ್ಟೆ ಕಟ್ಕೊಂಡು ನಿಂತ್ಕೋತೀನಿ.”

“ಬೇಡ ಅಂದ್ನಲ್ಲ.”

“ಮತ್ತೆ ಹಿಟ್ಟು ಯಾರು ನೋಡ್ತಾರೆ?”

“ನಿಮ್ಮಮ್ಮ ನೋಡ್ತಾಳೆ.”

ಅಮ್ಮ ನೋಡಿದಳು. ಅಯ್ಯೋ, ಆ ಸಂಕಟ ಯಾರಿಗೆ ಬೇಕು! ಅಮ್ಮನಿಗೆ ಗಂಡನ ಕೈಯಲ್ಲಾದದ್ದೆಲ್ಲ ಚೆನ್ನಾಗಿಯೇ ಇರುತ್ತಿತ್ತು. ಎಳಸು ಹಿಟ್ಟೂ ಚೆನ್ನಾಗಿದೆ, ಹುಳಿ ಹೊಡೆದದ್ದೂ ಚೆನ್ನಾಗಿದೆ. ಅದೂ ಸಾಲದೆಂದು ಉಗುಳಲು ಮನಸ್ಸು ಬಾರದೆ ನುಂಗಿಬಿಡುವಳು. ಒಂದು ವಾರ ಬ್ರೆಡ್ಡು ಇಟ್ಟಿಗೆಯಾಯಿತು, ಇನ್ನೊಂದು ವಾರ ಕಚ್ಚಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಯಿತು. ಹಳೆಯ ಗಿರಾಕಿಗಳು ಮುಖ ಕಿವುಚಿಕೊಂಡು ವಾಪಸ್ ತಂದುಕೊಟ್ಟರು. ದೊಡ್ಡಮ್ಮ ಬೀದಿ ದಾಟಿ ಬಂದು, ಬಾಯಿಂದ ಸೂಜಿ ತೆಗೆದು, “ಏನಪ್ಪಾ, ಇದರಲ್ಲಿ ಗೋಡೆ ಕಟ್ಟಬಹುದು” ಎಂದಳು. ಗಲ್ಲಾದಲ್ಲಿ ಕೂತ ಕಡ್ಡಿಗೆ ಎಲ್ಲ ಕೇಳಿಸುತ್ತಿತ್ತು. ಒಂದು ಚಿಟಿಕೆ ಬಾಯಿಗಿಟ್ಟರೆ ಎಲ್ಲ ಸರಿಮಾಡಬಲ್ಲವಳು ಕೈಕಟ್ಟಿ ಕೂತು ಬೈಗುಳ ಕೇಳಬೇಕು.

ಕ್ರಮೇಣ ಅಪ್ಪ ಕೈಯಿಂದಲೇ ಕಲಿತ. ಹಿಟ್ಟು ಒತ್ತಿದರೆ ಎಷ್ಟು ಹೊತ್ತಿಗೆ ಮೇಲೇಳುತ್ತದೆ, ಬೆಂದದ್ದರ ತಳ ತಟ್ಟಿದರೆ ಯಾವ ಸದ್ದು. ಮೂರು ತಿಂಗಳಿಗೆ ಬ್ರೆಡ್ಡು ಮಾರುವಂತಾಯಿತು. ಹಳೆಯ ಬ್ರೆಡ್ಡಲ್ಲ, ಪರವಾಗಿಲ್ಲ ಎನ್ನುವ ಬ್ರೆಡ್ಡು.

ಆ ಮೂರು ತಿಂಗಳಲ್ಲಿ ಅವಳ ಹೊಟ್ಟೆ ಶಾಂತವಾಯಿತು. ಮೊದಲು ಅವಳಿಗೆ ನಂಬಿಕೆಯೇ ಬರಲಿಲ್ಲ. ಒಂದು ಬೆಳಿಗ್ಗೆ ಅಂಗಡಿ ತೆರೆದು ಮಧ್ಯಾಹ್ನದವರೆಗೆ ಕೂತಿದ್ದು, ಆ ಹತ್ತೊಂಬತ್ತು ಹೆಜ್ಜೆ ಒಂದು ಸಲವೂ ಓಡಲಿಲ್ಲ ಎಂಬುದು ತಟ್ಟನೆ ಹೊಳೆಯಿತು. ಕೆನ್ನೆಗೆ ಬಣ್ಣ ಬಂತು, ಕೈ ತುಂಬಿಕೊಂಡು ಬಳೆ ಬಿಗಿಯಾಯಿತು. ಜೊತೆಯವರ ಸಂಗಡ ಕೊನೆಗೂ ಬಸ್ಸು ಹತ್ತಿ ಹೋಗಿ ಸಮುದ್ರ ನೋಡಿ ಬಂದಳು. ಮೊಣಕಾಲವರೆಗೆ ನೀರಲ್ಲಿ ನಿಂತು ಕೂಗಿದಳಂತೆ. ಬೀದಿಯವರು ಕಡ್ಡಿ ಎಂದು ಕರೆಯಲು ಎರಡು ಸಲ ಯೋಚಿಸುವಂತಾಯಿತು.

ಮತ್ತು ಹಸಿವು ಬಂತು. ಅವಳು ಹಸಿವನ್ನೇ ಮರೆತಿದ್ದಳು. ಎಂಟು ವರ್ಷ ತಿನ್ನುವುದೆಂದರೆ ಭಯ, ಅಷ್ಟೆ. ಈಗ ಹನ್ನೊಂದು ಗಂಟೆಗೆಲ್ಲ ಹೊಟ್ಟೆ ಕರೆಯುತ್ತಿತ್ತು, ಆರೋಗ್ಯವಂತರ ಹಸಿವು, ಹದಿನಾರರ ಹುಡುಗಿಯ ಹಸಿವು. ಆ ಹಸಿವಿಗೆ ಅನ್ನ ಬೇಡ, ಆಲೂಗಡ್ಡೆ ಬೇಡ. ಅದಕ್ಕೆ ಬೇಕಾದದ್ದು ಬ್ರೆಡ್ಡು. ಭಟ್ಟಿಯಿಂದ ಆಗ ತಾನೇ ಇಳಿದದ್ದು, ಮುರಿದರೆ ಹಬೆಯಾಡುವುದು, ಬೆಣ್ಣೆ ಕೂಡ ಬೇಡದ್ದು. ಕಾಯಿಲೆಯಲ್ಲಿದ್ದಾಗ ಬಿಟ್ಟದ್ದು ಅಷ್ಟು ಕಷ್ಟವಾಗಿರಲಿಲ್ಲ, ಗುಣವಾದ ಮೇಲೆ ತಡೆಯಲಾಗುತ್ತಿರಲಿಲ್ಲ. ಯಾರಲ್ಲಿ ಹೇಳಿಕೊಳ್ಳುವುದು? ಗುಣವಾಯಿತಲ್ಲ ಎಂದು ಎಲ್ಲರೂ ಖುಷಿಯಲ್ಲಿದ್ದಾರೆ.

ಒಂದು ಮಧ್ಯಾಹ್ನ ಮೂರರ ಹೊತ್ತು. ಬೀದಿ ಖಾಲಿ, ಅಮ್ಮ ಮಹಡಿಯಲ್ಲಿ ಮಲಗಿದ್ದಳು. ಅಪ್ಪ ಐದನೆಯ ಪಾಕ ಇಳಿಸಿ ತಂದಿಟ್ಟು ಒಳಗೆ ಹೋದ. ಅವಳು ಒಂದು ಬ್ರೆಡ್ಡು ಎತ್ತಿಕೊಂಡಳು. ಅಂಗೈ ಸುಟ್ಟಿತು, ಬಿಡಲಿಲ್ಲ. ಮುರಿದಳು. ಹಬೆ ಮುಖಕ್ಕೆ ಬಂತು. ಅವಳು ಕಣ್ಣು ಮುಚ್ಚಿ ಮೂಗನ್ನು ಆ ಬಿಸಿಯೊಳಗೆ ಹುದುಗಿಸಿ ನಿಂತುಬಿಟ್ಟಳು. ಒಂದು ತುತ್ತು. ಒಂದೇ ಒಂದು ತುತ್ತಿಗೆ ಏನಾದೀತು? ನಾಲ್ಕು ದಿನ ಹೊಟ್ಟೆ ನೋವು. ಎಂಟು ವರ್ಷ ಅನುಭವಿಸಿದವಳಿಗೆ ನಾಲ್ಕು ದಿನ ಯಾವ ಲೆಕ್ಕ? ತುಂಡು ಕಿತ್ತು ತುಟಿಯವರೆಗೆ ತಂದಳು.

“ಮಗಳೇ.”

ಒಳಬಾಗಿಲಲ್ಲಿ ಅಪ್ಪ ನಿಂತಿದ್ದ. ಬೈಯಲಿಲ್ಲ. ಓಡಿ ಬಂದು ಕಿತ್ತುಕೊಳ್ಳಲಿಲ್ಲ. ನಿಂತೇ ಇದ್ದ.

“ತಿಂದಿಲ್ಲಪ್ಪಾ,” ಎಂದಳು. ತುಂಡನ್ನು ಕೆಳಗಿಟ್ಟಳು. ಆಮೇಲೆ ಅವಳಿಗೆ ತಡೆಯಲಾಗಲಿಲ್ಲ. “ನನಗೆ ಬೇಕಪ್ಪಾ. ಎಷ್ಟು ಬೇಕು ಅಂದ್ರೆ ನನಗೆ ಹೇಳಕ್ಕೇ ಬರಲ್ಲ. ದಿನಾ ಇದರ ಮುಂದೆ ಕೂತ್ಕೊಂಡು ಬೇರೆಯವ್ರಿಗೆ ಸುತ್ತಿ ಕೊಡ್ತೀನಿ. ನೀನು ಎಂಟು ವರ್ಷ ಹೇಗೆ ತಡ್ಕೊಂಡೆ? ಬಾಯಿಗೆ ಹಾಕ್ಕೊಂಡ್ರೂ ರುಚಿ ಇಲ್ಲ ನಿನಗೆ. ಹೇಗಪ್ಪಾ ತಡ್ಕೊಂಡೆ?”

ಅಪ್ಪ ಬಂದು ಅವಳೆದುರಿನ ಎತ್ತರದ ಸ್ಟೂಲಿನ ಮೇಲೆ ಕೂತ. ಏಪ್ರನ್ನಿನಲ್ಲಿ ಕೈ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

“ತಡ್ಕೊಂಡೆ ಅಂತ ಯಾರು ಹೇಳಿದ್ದು ನಿನಗೆ?” ಎಂದ. “ನೀನು ಚಿಟಿಕೆ ನಾಲಿಗೆಗೆ ಇಡ್ತಿದ್ದೆಯಲ್ಲ, ಆಗ ನಾನು ನಿನ್ನ ಮುಖ ನೋಡ್ತಾ ಇದ್ದೆ. ಹುಳಿ ಏರಿದ್ರೆ ನಿನ್ನ ಎಡಗಣ್ಣು ಕಿರಿದಾಗೋದು. ಸರಿಯಾಗಿದ್ರೆ ನೀನು ಬಾಯಿ ಬಿಡೋಕೆ ಮುಂಚೆನೇ ನನಗೆ ಬಾಯಲ್ಲಿ ನೀರೂರ್ತಿತ್ತು ಕಣೇ. ಸುಳ್ಳಲ್ಲ, ನಿಜವಾಗ್ಲೂ ಊರ್ತಿತ್ತು. ಎಂಟು ವರ್ಷ ನನ್ನ ನಾಲಿಗೆ ಎಲ್ಲೂ ಹೋಗಿರಲಿಲ್ಲ. ಈಗ, ಆ ಬಾಗಿಲಿಗೆ ಅಗುಳಿ ಹಾಕಿದ ದಿನ ಹೋಯ್ತು.”

ಅವಳು ಅವನನ್ನೇ ನೋಡಿದಳು. ಬಾಗಿಲು ಬಡಿದಾಗ ಅವನು ಬೇಡ ಎಂದದ್ದು ಎಷ್ಟು ಒರಟಾಗಿತ್ತೆಂದರೆ, ಅಪ್ಪನಿಗೆ ತನ್ನ ಮೇಲೆ ಕೋಪವಿರಬೇಕೆಂದು ಮೂರು ತಿಂಗಳು ಕೊರಗಿದ್ದಳು. ಅಗುಳಿಯ ಆಚೆಗೆ ಅವನು ಎಷ್ಟು ಹೊತ್ತು ಸುಮ್ಮನೆ ನಿಂತಿದ್ದನೋ ಎಂದು ಈಗ ಅನ್ನಿಸಿತು.

“ಎಲ್ಲಾ ನೆನಪಿದೆಯಾ ನಿನಗೆ?” ಅಪ್ಪ ಕೇಳಿದ. “ಹೇಗಿರ್ತಿತ್ತು ಅಂತ?”

“ನೆನಪಿಲ್ದೆ ಏನು?”

ಅವನು ಅವಳು ಕೆಳಗಿಟ್ಟ ತುಂಡನ್ನು ತೆಗೆದು ತನ್ನ ಬಾಯಿಗೆ ಹಾಕಿಕೊಂಡ. “ಹಾಗಾದ್ರೆ ಹೇಳು,” ಎಂದ.

ಅವಳು ಕಣ್ಣೊರೆಸಿಕೊಂಡಳು. “ಮೇಲಿನ ಕಂದು ಸಿಪ್ಪೆ ಮೊದಲು ಸಿಗುತ್ತೆ, ಕುರುಮ್ ಅಂತ,” ಎಂದಳು. “ಸ್ವಲ್ಪ ಕಹಿ. ಸಕ್ಕರೆ ಸುಟ್ಟಾಗ ಬರುತ್ತಲ್ಲ, ಆ ಕಹಿ. ಅದರ ಹಿಂದೇನೇ ಉಪ್ಪು. ಆಮೇಲೆ ಒಳಗಿನ ಮೆತ್ತಗಿರೋದು ಬಾಯಲ್ಲಿ ಬಿಚ್ಕೊಳ್ಳುತ್ತೆ, ಆಗ ಹುಳಿ, ನಾಲಿಗೆಯ ಎರಡೂ ಪಕ್ಕದಲ್ಲಿ. ಕೊನೆಗೆ, ನುಂಗೋ ಹೊತ್ತಿಗೆ, ಎಲ್ಲೋ ಒಂಚೂರು ಸಿಹಿ...”

ಅವಳ ಮಾತು ಅವಸರವಾಯಿತು. ಅಪ್ಪ ಅವಳ ಮುಖದಿಂದ ಕಣ್ಣು ಕೀಳದೆ ಅಗಿಯುತ್ತಿದ್ದ. ಒಂದು ಕೈ ಮೇಲೆತ್ತಿದ.

“ನಿಧಾನ ಹೇಳು,” ಎಂದ. “ಇನ್ನೂ ಬಾಯಲ್ಲಿದೆ.”